ಶಂಕರಪುರದ ನಾರು

ಹಾಸಿಗೆ ಬಿಸಿಲು ಬೇಕು, ಹೊಕ್ಕಿಗೆ ತೇವ.
ಗಂಜಿ ಕುಡಿದ ನೂರನೇ ನಂಬರಿನ ನೂಲು
ಅಂಗಳದಲ್ಲಿ ಒಣಗಿ ತಂತಿಯಂತೆ ಬಿಗಿಯಬೇಕು.
ಬಾಳೆನಾರೋ, ಒಣಗಿತೆಂದರೆ
ಲಾಳಿಯ ಬಾಯಲ್ಲೇ ಪಟ್ಟನೆ ತುಂಡು.
ಎರಡೂ ಒಪ್ಪುವ ಹೊತ್ತು ಒಂದೇ:
ಉಡುಪಿಯ ಮೊದಲ ಬಸ್ಸು ಹಾರನ್ ಹಾಕಿದಲ್ಲಿಂದ
ಅಂಗಳದ ಸಿಮೆಂಟು ಕಾಯುವ ತನಕ.
ಅಷ್ಟರಲ್ಲಿ ಒಂದು ಗೇಣು ಬಟ್ಟೆ.
ಒಳ್ಳೆ ದಿನವಾದರೆ ಒಂದೂವರೆ.

ಮೂವತ್ತು ವರ್ಷ ನಾನು ಕಂಡಿಕೆ ಸುತ್ತಿದವಳು.
ಗುಂಡಿಗಿಳಿದು ಕೂತವರು ಮೊದಲು ಅಪ್ಪ,
ಆಮೇಲೆ ಚಿಕ್ಕಪ್ಪ ಮಂಜಯ್ಯ ಶೆಟ್ಟಿಗಾರರು.
ನಾನು ಸುತ್ತಿದ ನೂಲು ಅವರ ಕೈಯಲ್ಲಿ ಸೀರೆಯಾಗಿ
ಅವರ ಹೆಸರಲ್ಲಿ ಸೊಸೈಟಿಗೆ ಹೋಗುತ್ತಿತ್ತು.
ಚಿಕ್ಕಪ್ಪನ ಮೊಣಕಾಲು ಇನ್ನು ಗುಂಡಿ ಬೇಡವೆಂದ ಮೇಲೆ
ನಲವತ್ತೇಳರಲ್ಲಿ ನಾನು ಇಳಿದೆ.
ಮೆಟ್ಟು ಕಾಲಿಗೆ ಎಟುಕಲಿಲ್ಲ.
ಹಗ್ಗ ಬಿಚ್ಚಿ ಎರಡು ಗಂಟು ಮೇಲೆ ಕಟ್ಟಿದೆ.
ಅವರು ಜಗಲಿಯಿಂದ ನೋಡಿದರು, ಏನೂ ಹೇಳಲಿಲ್ಲ.

ಸೀರೆಯ ಅಗಲಕ್ಕೆ ನನ್ನ ತೋಳು ಸಾಲದು.
ಶಾಲು ಸಾಕು. ಮೊಳದಗಲ, ನಾಲ್ಕು ಮೊಳ ಉದ್ದ.

ಶಾಲು ಎಂದರೆ ನಮ್ಮಲ್ಲಿ ಸನ್ಮಾನ.
ಕಟಪಾಡಿಯ ಸಭೆಯಲ್ಲಿ ಹಿರಿಯ ನೇಕಾರರೆಂದು
ಚಿಕ್ಕಪ್ಪನಿಗೂ ಒಂದು ಹೊದಿಸಿದ್ದರು:
ನೇರಳೆ ಬಣ್ಣ, ಮಿರಿಮಿರಿ ಜರಿ,
ಒಂದೆಳೆಯೂ ಗಿಡದಿಂದ ಬಂದದ್ದಲ್ಲ.
ಮನೆಗೆ ಬಂದು ಅಂಚು ಮಗುಚಿ ಹಿಂಬದಿ ನೋಡಿ
ಉಗುರಲ್ಲಿ ಒಮ್ಮೆ ಕೆರೆದು
“ಧೂಳಿಗೆ ಆದೀತು” ಎಂದರು.
ರಾತ್ರಿ ಮಗ್ಗಕ್ಕೆ ಹೊದಿಸುವುದು ಈಗ ಅದನ್ನೇ.

ನಾರು ತರುವುದು ಸೆವ್ರಿನ್ ಬಾಯಿ,
ಮಲ್ಲಿಗೆ ಕಟ್ಟಿ ಕಟ್ಟಿ ಹೆಬ್ಬೆರಳು ಹಸಿರಾದವಳು.
ದಿಂಡಿನ ಹೊರಪದರ ಅವಳ ಹೂವಿಗೆ,
ಒಳಗಿನ ತೆಳುವು ನನಗೆ.
ಸೀಳಿ, ಸೀಳಿದ್ದನ್ನೇ ಮತ್ತೆ ಸೀಳಿ
ಇನ್ನು ಸೀಳಿದರೆ ಕಣ್ಣಿಗೆ ಕಾಣದು ಎನ್ನುವಲ್ಲಿ ನಿಲ್ಲಿಸುತ್ತಾಳೆ.
ಹಿಡಿಗೆ ಇಷ್ಟೆಂದು ಮಾತಾಗಿತ್ತು.
ಆದರೆ ನಾರಿನ ಕ್ರಯವೂ ಹೂವಿನ ಬೆನ್ನು ಹಿಡಿದು ಏರುತ್ತದೆ:
“ಇವತ್ತು ಅಟ್ಟೆಗೆ ಸಾವಿರದ ಇನ್ನೂರು, ಗೊತ್ತುಂಟಾ?”
ಮದುವೆಯಿಲ್ಲದ ಆಟಿಯಲ್ಲಿ
ಇಳಿದದ್ದನ್ನು ಮಾತ್ರ ನಾನು ಕಂಡಿಲ್ಲ.

ಹತ್ತಿಯ ಎಳೆ ಕಡಿದರೆ ಗಂಟು ಹಾಕಬಹುದು.
ನಾರಿಗೆ ಗಂಟು ಕೂಡದು.
ಹಳೆಯ ತುದಿಯ ಪಕ್ಕ ಹೊಸ ತುದಿಯನ್ನು ಮಲಗಿಸಿ
ಎರಡು ಬೆರಳಗಲ ಜೊತೆಗೇ ನಡೆಸಿ
ಆಮೇಲೆ ಹಳೆಯದನ್ನು ಬಿಟ್ಟುಬಿಡಬೇಕು.
ಇದನ್ನು ಯಾರೂ ಕಲಿಸಲಿಲ್ಲ.
ಹದಿನಾರು ಗೇಣು ಹಾಳುಮಾಡಿ ತಿಳಿದದ್ದು.
ಹಾಸಿನಲ್ಲಿ ಕಡಿದರೆ ಮಾತ್ರ, ನನಗೆ ಕಾಣುವ ಮೊದಲೇ
ಜಗಲಿಯಿಂದ ಚಿಕ್ಕಪ್ಪನ ದನಿ:
“ಎಡಕ್ಕೆ. ಒಂದೆಳೆ ಹೋಯಿತು.”

ಮೊದಲ ಶಾಲು ಕೊಯ್ದು ಇಳಿಸಿದ ದಿನ
ಸೆವ್ರಿನ್ ಬಾಯಿಯ ಹೆಗಲಿಗೇ ಹಾಕಿದೆ.
ಬೆಳಕಿಗೆ ಹಿಡಿದರೆ ಗಂಜಿಯ ತಿಳಿಯ ಬಣ್ಣ,
ಅಲ್ಲಲ್ಲಿ ನಾರಿನ ಸಣ್ಣ ಹೊಳಪು.
ಕುತ್ತಿಗೆ ತಿರುಗಿಸಿದಳು, ಮತ್ತೆ ತಿರುಗಿಸಿದಳು.
“ಚುಚ್ಚುತ್ತದೆ ಮಾರಾಯ್ತಿ.”
ಮೂರು ಒಗೆತ ಆಗಲಿ, ಮೆತ್ತಗಾದೀತು ಎಂದೆ.
ನಿಜವೋ ಅಲ್ಲವೋ, ನನಗೂ ಗೊತ್ತಿರಲಿಲ್ಲ.

ತುದಿಗೆ ಕುಚ್ಚು ಕಟ್ಟುವುದು ಬಾಕಿಯಿತ್ತು.
ಕೇಳದೆಯೇ ಮಡಿಲಿಗೆ ಎಳೆದುಕೊಂಡು
ಮೆಟ್ಟಿಲಲ್ಲಿ ಕೂತಳು.
ಕಣ್ಣು ದಾರಿಯ ಮೇಲೆ,
ಬಾಯಿ ನಾದಿನಿಯ ಮಗಳ ರೋಸಿನ ಸುದ್ದಿಯಲ್ಲಿ,
ಯಾರು ಬಂದರು, ಯಾರು ಉಣ್ಣದೆ ಹೋದರು.
ಕೈ ತನ್ನಷ್ಟಕ್ಕೆ
ನಾಲ್ಕೆಳೆ ಹಿಡಿದು ಸುತ್ತಿ ಎಳೆಯುತ್ತದೆ,
ನಾಲ್ಕೆಳೆ ಹಿಡಿದು ಸುತ್ತಿ ಎಳೆಯುತ್ತದೆ.
ಪ್ರತಿ ಗಂಟೂ ಬಿಗಿಯುವ ಮುಂಚೆ
ಬೆರಳು ಒಂದಿಷ್ಟು ತಡೆಯುತ್ತದೆ,
ಒಂದು ತೊಟ್ಟಿನಷ್ಟು ಜಾಗ ಬಿಟ್ಟು.

ಗಟ್ಟಿ ಕಟ್ಟು, ಎನ್ನಲು ಬಾಯಿ ತೆರೆದೆ.
ಒಳಗೆ ಗಂಜಿ ಉಕ್ಕಿತು.
ಬಿಸಿಲು ತುಳಸಿಕಟ್ಟೆಯ ತನಕ ಬಂದಿತ್ತು.
ಎದ್ದು ಹೋದೆ.